ಸಹಾಯ ಬೇಕು: ಮೂಡಲಪಾಯದ ಹಳೇ ಕ್ಯಾಸೆಟ್, ಟೇಪ್ ಡೆಕ್ಕಿನ ಹೆಡ್ ಸರಿಮಾಡೋ ರಿಪೇರಿಯವರು (ತುಮಕೂರು)

ಗ್ರೂಪಿನವರಿಗೆ ನಮಸ್ಕಾರ. ನಮ್ಮ ಎಂ.ಎ. ತಂಡದ ಕಿರುಪ್ರಬಂಧಕ್ಕೆ ಮೂಡಲಪಾಯ ಯಕ್ಷಗಾನದ (ನಮ್ಮ ಬಯಲುಸೀಮೆ ಕಡೆಯ ಯಕ್ಷಗಾನ) ಕ್ಯಾಸೆಟ್‌ಗಳು ಬೇಕು. ತಿಪಟೂರು, ತುರುವೇಕೆರೆ ಕಡೆಯವಾದರೆ ಇನ್ನೂ ಒಳ್ಳೇದು. ಅಂಗಡಿಯದೋ, ಊರಲ್ಲೇ ತುಂಬಿಸಿಕೊಂಡದ್ದೋ, ಯಾವುದಾದರೂ ಸರಿ.

ಈ ಕ್ಯಾಸೆಟ್‌ಗಳನ್ನ ಜಾನಪದದ ಕಣ್ಣಿಂದಷ್ಟೇ ನೋಡಿದರೆ ಪದ, ಕುಣಿತ, ವೇಷ ಸಿಗುತ್ತೆ. ಆದರೆ ಸಿ-60 ಕ್ಯಾಸೆಟ್‌ನ ಒಂದು ಮಗ್ಗುಲಿಗೆ ಹಿಡಿಯೋದು 30 ನಿಮಿಷ. ರಾತ್ರಿಯಿಡೀ ಆಟದಲ್ಲಿ ಯಾವ ಪದ ಉಳಿಸಿದರು, ಮಾತುಗಾರಿಕೆ ಎಲ್ಲಿ ಕತ್ತರಿಸಿದರು ಅನ್ನೋದಕ್ಕೆ ಮಾಧ್ಯಮ ಅಧ್ಯಯನ ಬೇಕು. ಮಾರಾಟದ ಲೆಕ್ಕಕ್ಕೆ ಅರ್ಥಶಾಸ್ತ್ರ.

ಅಟ್ಟದಲ್ಲಿ ಸಿಕ್ಕರೆ ದಯವಿಟ್ಟು ಹಾಕಿ ನೋಡಬೇಡಿ. ವರ್ಷಗಟ್ಟಲೆ ಕೂತ ಟೇಪು ಅಂಟಿಕೊಂಡು, ರೋಲರ್‌ಗೆ ಸುತ್ತಿ ಹರಿದುಹೋಗಬಹುದು. ಡಬ್ಬಿಯೊಳಗಿನ ಕಾಗದ ಎಸೀಬೇಡಿ, ಭಾಗವತರ ಹೆಸರು, ಕಂಪನಿ, ಬೆಲೆ ಇದ್ದರೆ ಅದರಲ್ಲೇ. ನಮಗೆ ಹಾಡಿನಷ್ಟೇ ಆ ಚೀಟಿಯೂ ಮುಖ್ಯ!

ಡೆಕ್ಕಿನ ಹೆಡ್ (ಟೇಪಿನಿಂದ ಸದ್ದು ಓದೋ ಭಾಗ) ಕೋನ ಸರಿಮಾಡಬಲ್ಲ ರಿಪೇರಿಯವರು ತುಮಕೂರಲ್ಲಿ ಯಾರಿದ್ದಾರೆ? ಕೋನ ತಪ್ಪಿದರೆ ತಾಳದ ಝಣತ್ಕಾರವೇ ಮಂಕಾಗುತ್ತೆ, ಆಮೇಲೆ ಕಂಪ್ಯೂಟರಲ್ಲಿ ಪೂರ್ತಿ ಸರಿಹೋಗಲ್ಲ. ದಾಖಲಿಸೋದು ವೇವ್ ಫೈಲಿನಲ್ಲಿ, 24 ಬಿಟ್, 48 ಕಿಲೋಹರ್ಟ್ಜ್. ಸ್ಟೀರಿಯೋ ಆದರೆ ಗಂಟೆಗೆ ಸುಮಾರು 1 ಜಿಬಿ. ಕ್ಯಾಸೆಟ್ ಕೊಟ್ಟವರಿಗೆ ಮೂಲದ ಜೊತೆ ಒಂದು ಪ್ರತಿ ಪೆನ್‌ಡ್ರೈವಲ್ಲಿ ವಾಪಸ್.