ಕಳೆಯುವ ಲೆಕ್ಕದ ಅಂದಾಜು ಹೇಗೆ ಹೇಳಿಕೊಡೋದು? ಸಹಾಯ ಬೇಕು

ನಮಸ್ಕಾರ. ಉಡುಪಿ ಹತ್ತಿರದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಹತ್ತಿರದ ನೂರಕ್ಕೆ ತಂದು ಕೂಡುವುದು ಮಕ್ಕಳಿಗೆ ಬಂತು. ಬಂಗುಡೆಗೆ 348 ರೂಪಾಯಿ, ತರಕಾರಿಗೆ 256 ಅಂದರೆ 300ಕ್ಕೆ 300 ಸೇರಿಸಿ 600 ಅನ್ನುತ್ತಾರೆ. ಸರಿ ಉತ್ತರ 604, ಹತ್ತಿರವೇ ಅಲ್ವಾ.

ಕಳೆಯುವುದರಲ್ಲೇ ತೊಂದರೆ. 352ರಲ್ಲಿ 248 ಕಳೆಯಲು 400ರಿಂದ 200 ತೆಗೆದು 200 ಬರೆಯುತ್ತಾರೆ. ನಿಜವಾದ ಉತ್ತರ 104! ದೊಡ್ಡ ಸಂಖ್ಯೆ ಮೇಲೆ ಹೋಗಿ ಚಿಕ್ಕದು ಕೆಳಗೆ ಇಳಿದರೆ ಅಂತರ ಜಾಸ್ತಿ ಆಗುತ್ತದೆ ಅಂತ ಬೋರ್ಡಿನಲ್ಲಿ ಸಂಖ್ಯಾರೇಖೆ ಎಳೆದು ತೋರಿಸಿದೆ. "ಟೀಚರ್, ನಿಯಮ ಸರಿ ಉಂಟಲ್ಲ, ಉತ್ತರ ಯಾಕೆ ಇಷ್ಟು ದೂರ?" ಅಂತ ಕೇಳುತ್ತಾರೆ. ಕೆಲವರು ಸುಮ್ನೆ ಪೂರ್ತಿ ಲೆಕ್ಕ ಮಾಡಿ, ಅದನ್ನೇ ಅಂದಾಜು ಅಂತ ಬರೆಯುತ್ತಾರೆ.

ಕಳೆಯುವಾಗ ಹತ್ತಿರದ ಹತ್ತಕ್ಕೆ ತಂದು 350ರಲ್ಲಿ 250 ಅಂತ ಕಲಿಸೋದಾ, ಇಲ್ಲ ಎರಡನ್ನೂ ಒಂದೇ ಕಡೆಗೆ ಸರಿಸಿ 400ರಲ್ಲಿ 300 ಅನ್ನೋದಾ? ಈ ವಯಸ್ಸಿನ ಮಕ್ಕಳಿಗೆ ಯಾವುದು ಬೇಗ ಅರ್ಥವಾಗುತ್ತದೆ?