ವಿಜಯಪುರದಿಂದ ಸಮುದ್ರದವರೆಗೆ ಸೈಕಲ್ಲಿನ ಮೇಲೆ: ಯಾವ ದಾರಿ ಹಿಡಿಯಬೇಕು

ಬಳಗದ ಎಲ್ಲ ಹಿರಿಯರಿಗೂ ಕಿರಿಯರಿಗೂ ಬಾಗಲಕೋಟೆಯಿಂದ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ತಂಗಿಯ ಮಗಳು ಐರ್ಲೆಂಡಿನ ಸೈಕಲ್ ದಾರಿಯ ಒಂದು ವಿಡಿಯೊ ಹಾಕಿ, ಸಂಕ್ರಾಂತಿಯ ಹೊತ್ತಿಗೆ ನಾವು ಅಣ್ಣ-ತಂಗಿಯರೆಲ್ಲ ಕೂಡಿ ವಿಜಯಪುರದಿಂದ ಅಂಕೋಲೆಯ ಸಮುದ್ರದವರೆಗೆ ಸೈಕಲ್ ಮೇಲೆ ಹೋಗಬಹುದೇ ಎಂದು ಕೇಳಿದ್ದಾಳೆ. ಅದಕ್ಕೆ ಕಾಕಾ ಅವರು, ಕಾರಿಲ್ಲದ ದಾರಿಗಳೆಲ್ಲ ಪರದೇಶದ ಸಂಗತಿ, ನಮ್ಮ ರಸ್ತೆಗಳಲ್ಲಿ ಸೈಕಲ್ಲಿಗೆ ಜಾಗ ಉಳಿದಿಲ್ಲ ಎಂದು ಉತ್ತರಿಸಿದ್ದಾರೆ. ಕಾಕಾ ಅವರ ಆತಂಕ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪ್ರವಾಸವನ್ನೇ ಕೈಬಿಡಬೇಕಾಗಿಲ್ಲ, ಆರಿಸಿದ ದಾರಿಯನ್ನು ಬದಲಿಸಿದರೆ ಸಾಕು ಎಂದು ನನಗೆ ದೃಢವಾಗಿ ಅನ್ನಿಸಿದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ವಿಡಿಯೊದ ದಾರಿಯ ಮಾತು. ಅದು ವಾಟರ್‌ಫರ್ಡ್ ಊರಿನಿಂದ ಸಮುದ್ರದಂಡೆಯ ಡಂಗಾರ್ವನ್‌ವರೆಗಿನ 46 ಕಿ.ಮೀ. ಉದ್ದದ ಗ್ರೀನ್‌ವೇ, ಅಂದರೆ ಕಾರುಗಳನ್ನು ಬಿಡದೆ ನಡೆಯುವವರಿಗೂ ಸೈಕಲ್ಲಿಗೂ ಇಟ್ಟ ದಾರಿ. 2017ರಲ್ಲಿ ಪೂರ್ತಿಯಾಗಿ ತೆರೆದ ಈ ದಾರಿಯನ್ನು ಹೊಸದಾಗಿ ಹೊಲ ಕಡಿದು ಮಾಡಲಿಲ್ಲ, ರೈಲು ಓಡುವುದು ನಿಂತುಹೋದ ಹಳೆಯ ಹಳಿಯ ಜಾಗದ ಮೇಲೆ ಮಾಡಿದರು. ಉಗಿಬಂಡಿಗೆ ಕಡಿದಾದ ಏರನ್ನು ಹತ್ತುವ ಶಕ್ತಿ ಇರದಿದ್ದ ಕಾರಣ ಆ ಕಾಲದ ಎಂಜಿನಿಯರುಗಳು ಗುಡ್ಡವನ್ನು ಕೊರೆದು, ಕಣಿವೆಗೆ ಕಮಾನು ಕಟ್ಟಿ, ದಾರಿಯನ್ನು ಸಮನಾಗಿ ಒಯ್ದಿದ್ದರು. ಹೀಗಾಗಿ ಇವತ್ತು ಅದೇ ಸುರಂಗ, ಅದೇ ಸೇತುವೆಯ ಮೇಲೆ ಸಣ್ಣ ಮಕ್ಕಳೂ ಅಜ್ಜಂದಿರೂ ಏದುಸಿರು ಬಿಡದೆ ಸಾಗುತ್ತಾರೆ. ಫ್ರಾನ್ಸಿನ ಅಟ್ಲಾಂಟಿಕ್ ದಂಡೆಯಲ್ಲಿ ರೊಸ್ಕಾಫ್‌ನಿಂದ ಸ್ಪೇನಿನ ಗಡಿಯವರೆಗೆ 1,200 ಕಿ.ಮೀ.ಗೂ ಉದ್ದದ ವೆಲೊಡಿಸೆ ಎಂಬ ದಾರಿ ಇದೆ. ಅದರ ಉತ್ತರ ಭಾಗದ ಸಾಕಷ್ಟು ದೂರ, ಹಿಂದೆ ದೋಣಿಗಳನ್ನು ಎಳೆಯಲು ಕಾಲುವೆಯ ಪಕ್ಕದಲ್ಲಿ ಮಾಡಿದ್ದ ದಂಡೆಯ ಹಾದಿಯೇ ಆಗಿದೆ. ಎಲ್ಲ ಕಡೆಯೂ ಹಾಗೆಯೇ ಎಂದಲ್ಲ, ಜಪಾನಿನಲ್ಲಿ 1999ರಲ್ಲಿ ತೆರೆದ ಶಿಮಾನಾಮಿ ದಾರಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೊಸ ದೊಡ್ಡ ಸೇತುವೆಗಳನ್ನು ಕಟ್ಟುವಾಗಲೇ ಸೈಕಲ್ಲಿಗೆ ಬೇರೆ ಪಟ್ಟಿ ಇಟ್ಟರು. ಆದರೂ ಹೆಚ್ಚಿನ ದಾರಿಗಳ ಹುಟ್ಟು ಒಂದೇ ಬಗೆಯದು: ಇನ್ನಾವುದೋ ಕೆಲಸಕ್ಕೆ ಮಾಡಿದ, ಕಾರಿಗೆ ಬೇಕಾಗದ, ಉದ್ದನೆಯ ಒಂದು ಪಟ್ಟಿ ನೆಲ.

ಅಂಥ ನೆಲ ನಮ್ಮಲ್ಲಿಯೂ ಇದೆ, ಕಾಕಾ. ಘಟಪ್ರಭಾ, ಮಲಪ್ರಭಾ, ಕೃಷ್ಣಾ ಯೋಜನೆಗಳ ಕಾಲುವೆಗಳು ವಿಜಯಪುರ, ಬಾಗಲಕೋಟೆ, ಬೆಳಗಾವಿ ಎಂಬ ನಮ್ಮ ಮೂರೂ ಜಿಲ್ಲೆಗಳಲ್ಲಿ ಹರಡಿಕೊಂಡಿವೆ. ಮುಖ್ಯ ಕಾಲುವೆಗಳ ದಂಡೆಯ ಮೇಲೆ ನೀರಾವರಿ ಇಲಾಖೆಯ ಜೀಪು ಓಡಾಡಲು ಮಾಡಿದ ಹಾದಿ ಇರುತ್ತದೆ. ನೀರು ತಾನಾಗಿಯೇ ಹರಿಯಬೇಕಾದ್ದರಿಂದ ಆ ಹಾದಿಗೆ ಏರಿಳಿತವೇ ಇರುವುದಿಲ್ಲ, ಬೆಳಗಿನ ಹೊತ್ತು ಹೊಲಕ್ಕೆ ಹೋಗುವ ರೈತರ ಬೈಕು, ಎತ್ತಿನ ಬಂಡಿ ಬಿಟ್ಟರೆ ಬೇರೆ ವಾಹನ ಕಾಣುವುದು ಅಪರೂಪ. ಹಾಗೆಂದು ಅದನ್ನು ಸಿದ್ಧ ಸೈಕಲ್ ದಾರಿ ಎಂದು ಯಾರೂ ತಿಳಿಯಬಾರದು. ಕಾಲುವೆಗೆ ಕಟಾಂಜನ ಇಲ್ಲ, ನೀರು ಬಿಟ್ಟಾಗ ಸೆಳೆತ ಜೋರಾಗಿರುತ್ತದೆ, ಕಾಂಕ್ರೀಟಿನ ಇಳಿಜಾರಿನಲ್ಲಿ ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಸಣ್ಣ ಮಕ್ಕಳನ್ನು ಅಲ್ಲಿ ಒಬ್ಬರನ್ನೇ ಮುಂದೆ ಬಿಡಬಾರದು, ಇಲಾಖೆಯವರನ್ನು ಕೇಳದೆ ಹೋಗಲೂಬಾರದು. ಎರೆ ನೆಲದ ಕಡೆ ಒಂದು ಮಳೆ ಬಿದ್ದರೂ ಮಣ್ಣು ಗಾಲಿಗೂ ಬ್ರೇಕಿಗೂ ಮೆತ್ತಿಕೊಂಡು ಸೈಕಲ್ಲನ್ನು ಹೊತ್ತುಕೊಂಡೇ ನಡೆಯಬೇಕಾಗುತ್ತದೆ. ಜಾಲಿ ಮುಳ್ಳಿನ ಕಾಟವಂತೂ ಇದ್ದೇ ಇದೆ.

ಈಗ ಮಗಳೇ, ನಿನ್ನ ಅಂಕೋಲೆಯ ಯೋಜನೆ. ಫೋನಿನ ನಕ್ಷೆ ನಿನಗೆ ತೋರಿಸಿದ್ದು ರಾಷ್ಟ್ರೀಯ ಹೆದ್ದಾರಿ 52, ಅಂದರೆ ಕೊಲ್ಹಾರದ ಸೇತುವೆ ದಾಟಿ ನರಗುಂದ, ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿಯುವ ದಾರಿ. ನಮ್ಮ ಜಿಲ್ಲೆಗಳ ಸೈಕಲ್ ಪಟುಗಳು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದವರು, ಅವರಲ್ಲಿ ಅನೇಕರು ಬೆಳಗಿನ ಜಾವ ಹೆದ್ದಾರಿಯಲ್ಲಿಯೇ ಅಭ್ಯಾಸ ಮಾಡುತ್ತಾರೆ ಎಂಬುದನ್ನು ನಾನು ಬಲ್ಲೆ. ಆದರೆ ತರಬೇತುದಾರರ ಕಣ್ಣಳತೆಯಲ್ಲಿ ಓಡುವ ಪಟುವಿನ ಮಾತು ಬೇರೆ, ಬೆನ್ನ ಹಿಂದೆ ಚೀಲ ಕಟ್ಟಿಕೊಂಡು ಕಾಲೇಜಿನ ಹುಡುಗ ಹುಡುಗಿಯರು ದಿನವಿಡೀ ಸಾಗುವ ಮಾತು ಬೇರೆ. ಅರಬೈಲಿನ ತಿರುವುಗಳಲ್ಲಿ ದೊಡ್ಡ ಲಾರಿಗಳು ಎದುರುಬದುರಾದಾಗ ಸೈಕಲ್ಲಿಗೆ ಸರಿದುಕೊಳ್ಳಲು ಅಂಚೇ ಉಳಿಯುವುದಿಲ್ಲ. ಇಷ್ಟೆಲ್ಲ ಪಟ್ಟು ಅಂಕೋಲೆ ಮುಟ್ಟಿದ ಮೇಲೂ ನೆಮ್ಮದಿ ಇಲ್ಲ, ಏಕೆಂದರೆ ಉತ್ತರ ಕನ್ನಡದಲ್ಲಿ ಹೆದ್ದಾರಿ 66 ಅನೇಕ ಕಡೆ ಸಮುದ್ರದ ಪಕ್ಕಕ್ಕೇ ಹರಿದಿದೆ. ದಂಡೆಯನ್ನು ನೋಡುತ್ತ ಹೋಗುವವರು ಮತ್ತೆ ಮತ್ತೆ ಅದೇ ಲಾರಿಗಳ ಸಾಲಿಗೆ ಬಂದು ಸೇರಬೇಕಾಗುತ್ತದೆ. ಗೋಕರ್ಣದಿಂದ ತದಡಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸೈಕಲ್ ಇಟ್ಟುಕೊಂಡು ಅಘನಾಶಿನಿಯ ಆಚೆ ದಡ ಸೇರಿ, ಹಳ್ಳಿಯ ರಸ್ತೆಯಿಂದ ಕುಮಟೆ ಮುಟ್ಟುವ ಒಂದು ತುಣುಕು ಮಾತ್ರ ಬಹಳ ಚೆಂದವಿದೆ, ಅದನ್ನು ಬೇರೆಯಾಗಿ ಎಂದಾದರೂ ಮಾಡಿ.

ನನ್ನ ಸಲಹೆ ಮಹಾರಾಷ್ಟ್ರದ ಕೊಂಕಣ ದಂಡೆಯಲ್ಲಿರುವ ವೆಂಗುರ್ಲೆಯ ಕಡೆಗೆ ಹೋಗಬೇಕೆಂಬುದು. ಬ್ರಿಟಿಷರ ಕಾಲದಲ್ಲಿ ಬೆಳಗಾವಿಗೆ ಬೇಕಾದ ಸಾಮಾನು ಇಳಿಯುತ್ತಿದ್ದ ಬಂದರು ಅದು, ಅಂಬೋಲಿ ಘಟ್ಟದ ರಸ್ತೆ ಆ ಸಂಬಂಧದಿಂದಲೇ ಬೆಳೆದದ್ದು. ಆ ಭಾಗದಲ್ಲಿ ಹೆದ್ದಾರಿ 66 ಸಮುದ್ರದಿಂದ ಬಹಳಷ್ಟು ಒಳಗೆ, ಸಾವಂತವಾಡಿ, ಕುಡಾಳ, ಕಣಕವಲಿಯ ಕಡೆಯಿಂದ ಹಾದುಹೋಗುತ್ತದೆ. ದೂರದ ಲಾರಿಗಳೆಲ್ಲ ಅಲ್ಲಿಯೇ ಉಳಿಯುವುದರಿಂದ ದಂಡೆಯ ಕಿರಿದಾದ ರಸ್ತೆ ಊರವರಿಗೂ ಮೀನುಗಾರರಿಗೂ ಬಿಟ್ಟುಕೊಟ್ಟಂತಿದೆ. ರೇವಸದಿಂದ ರೇಡಿಯವರೆಗೆ ಕೊಂಕಣದ ಉದ್ದಕ್ಕೂ ಹೀಗೆ ದಂಡೆಯ ರಸ್ತೆ ಸಾಗುತ್ತದೆ, ಉತ್ತರದಲ್ಲಿ ಜಯಗಡ, ದಾಭೋಳದಂಥ ಅಳಿವೆಗಳನ್ನು ಫೆರಿಯಲ್ಲಿ ದಾಟಬೇಕಾಗುತ್ತದೆ. ಕಾರುಗಳು ಅಲ್ಲಿಯೂ ಇವೆ, ಶನಿವಾರ ಭಾನುವಾರ ಪ್ರವಾಸಿಗರ ಗದ್ದಲವೂ ಇರುತ್ತದೆ, ಆದ್ದರಿಂದ ನೀವು ದಂಡೆಯಲ್ಲಿರುವ ದಿನಗಳು ವಾರದ ನಡುವೆ ಬರುವಂತೆ ಹೊಂದಿಸಿಕೊಳ್ಳಬೇಕು.

ಬೆಳಗಾವಿಯಿಂದ ಸೈಕಲ್ಲುಗಳನ್ನು ಬಸ್ಸಿನ ಮೇಲೆ ಹಾಕಿಸಿ ನೇರವಾಗಿ ಸಾವಂತವಾಡಿಯಲ್ಲಿ ಇಳಿಯಿರಿ. ಅಂಬೋಲಿ ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಸಾವಂತವಾಡಿಗೆ ಸುಮಾರು 30 ಕಿ.ಮೀ., ಅದರಲ್ಲಿ ಘಟ್ಟದ ಭಾಗವೆಲ್ಲ ಒಂದೇ ಸಮನೆ ಇಳಿಜಾರು. ಇಳಿಯುವುದು ಸುಲಭವೆಂದು ಕಾಣುತ್ತದೆ, ಆದರೆ ಭಾರ ಕಟ್ಟಿದ ಸೈಕಲ್ಲಿನ ಬ್ರೇಕನ್ನು ಒಂದೇ ಸಮನೆ ಒತ್ತಿದರೆ ಗಾಲಿಯ ಬಳೆ ಕಾಯ್ದು ಟ್ಯೂಬು ಒಡೆಯುವ ಸಂಭವವಿದೆ, ಹೊಸಬರು ಅದನ್ನು ಘಟ್ಟದಲ್ಲಿ ಕಲಿಯುವುದು ಬೇಡ. ಸಾವಂತವಾಡಿಯಿಂದ ವೆಂಗುರ್ಲೆಗೆ ಅರ್ಧ ದಿನದ ಸಲೀಸಾದ ದಾರಿ. ಮರುದಿನ ಉತ್ತರಕ್ಕೆ ತಿರುಗಿ ಪರುಳೆಯ ಮೇಲೆ ಮಾಲವಣಕ್ಕೆ ಹೋಗಿ, ನೀರಿನ ನಡುವೆ ನಿಂತ ಸಿಂಧುದುರ್ಗವನ್ನು ನೋಡಿರಿ. ಅಥವಾ ದಕ್ಷಿಣಕ್ಕೆ ಶಿರೋಡೆ, ರೇಡಿ ದಾಟಿ ತೇರೆಖೋಲಿನ ಕೋಟೆ ಮುಟ್ಟಿ, ಫೆರಿಯಲ್ಲಿ ಗೋವೆಯ ಕೇರಿಗೆ ಇಳಿಯಬಹುದು. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಮಾಲವಣವನ್ನೇ ಹೇಳುತ್ತೇನೆ, ಏಕೆಂದರೆ ಗೋವೆಯ ಕಡೆ ಹೋದಷ್ಟೂ ಬಾಡಿಗೆ ಕಾರುಗಳು ಹೆಚ್ಚುತ್ತವೆ. ಒಂದು ಸಂಗತಿಗೆ ಮಾತ್ರ ಮನಸ್ಸನ್ನು ಸಿದ್ಧ ಮಾಡಿಕೊಳ್ಳಿ: ದಂಡೆಯ ರಸ್ತೆ ಎಂದರೆ ಸಪಾಟು ರಸ್ತೆಯಲ್ಲ. ಪ್ರತಿಯೊಂದು ಅಳಿವೆಗೂ ತೆಂಗಿನ ತೋಟದವರೆಗೆ ಇಳಿದು, ದಾಟಿದ ಕೂಡಲೇ ಕೆಂಪು ಕಲ್ಲಿನ ಬೋಳು ಗುಡ್ಡಕ್ಕೆ ಮತ್ತೆ ಹತ್ತಬೇಕು, ಹೀಗೆ ದಿನವಿಡೀ. ಎರೆ ಹೊಲದ ಬಯಲಿನಲ್ಲಿ 80 ಕಿ.ಮೀ. ತುಳಿಯುವ ನೀವು ಅಲ್ಲಿ 45ಕ್ಕೆ ನಿಲ್ಲಿಸುವ ಲೆಕ್ಕ ಹಾಕಿರಿ, ಸಣ್ಣ ಗೇರು ಇಲ್ಲದ ಸೈಕಲ್ ಒಯ್ಯಬೇಡಿ.

ಇದಕ್ಕೂ ಮೊದಲು ಒಮ್ಮೆ ನಮ್ಮ ಮಲಪ್ರಭೆಯ ದಂಡೆಗೆ ಬನ್ನಿ. ಬಾದಾಮಿಯಿಂದ ಬನಶಂಕರಿಯ ಮೇಲೆ ಪಟ್ಟದಕಲ್ಲು, ಅಲ್ಲಿಂದ ಐಹೊಳೆ, ಮರುದಿನ ಅಮೀನಗಡದ ಕಡೆಯಿಂದ ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಐಹೊಳೆಗೆ ಅಲ್ಲಿಂದ ಹದಿಮೂರು-ಹದಿನಾಲ್ಕು. ಹೋಗುವಾಗ ರೈಲಿನಲ್ಲಿ ಬಾದಾಮಿಗೆ ಬಂದು, ಮರಳುವಾಗ ಆಲಮಟ್ಟಿಯಿಂದ ಹತ್ತಬಹುದು. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ, ಅಂದರೆ ರೈಲಿನ ಸಾಮಾನು ಡಬ್ಬಿಗೆ, ಹಾಕಬೇಕು, ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವ ವೇಳೆ ಕಡಿಮೆ ಇರುವುದರಿಂದ ಆ ಸೌಲಭ್ಯ ಉಂಟೇ ಎಂದು ಮೊದಲೇ ವಿಚಾರಿಸಿರಿ. ಸಂಕ್ರಾಂತಿಯ ಹೊತ್ತಿಗೆ ಬಿಳಿ ಜೋಳ ತೆನೆಗಟ್ಟಿರುತ್ತದೆ, ಹೊಲದವರು ಕರೆದು ಸೀತನಿ (ಸುಟ್ಟ ಎಳೆ ಜೋಳದ ಕಾಳು) ಕೊಡದೆ ಕಳಿಸುವುದಿಲ್ಲ. ಅದೇ ತಿಂಗಳು ಕಬ್ಬಿನ ಹಂಗಾಮೂ ಹೌದು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಹಳ್ಳಿಯ ರಸ್ತೆಗೂ ಬರುತ್ತವೆ, ಮುಧೋಳ, ಜಮಖಂಡಿಯ ಕಡೆಯಂತೂ ರಾತ್ರಿಯೆಲ್ಲ ಓಡುತ್ತವೆ. ಹೊತ್ತು ಮುಳುಗುವ ಮೊದಲೇ ಉಳಿಯುವ ಊರನ್ನು ಸೇರಲೇಬೇಕು ಎಂಬ ಒಂದು ಮಾತನ್ನು ಕಾಕಾ ಅವರ ಪರವಾಗಿ ನಾನು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ.

ಗೋಕಾಕದ ಅಕ್ಕನವರಲ್ಲಿ ಒಂದು ಕೇಳಿಕೆ ಇದೆ. ಧೂಪದಾಳದ ಒಡ್ಡಿನಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ಮೇಲಿನ ಹಾದಿ ಈಗ ಎಲ್ಲಿಯವರೆಗೆ ಸೈಕಲ್ಲಿಗೆ ತಕ್ಕಂತಿದೆ, ಈ ಹಂಗಾಮಿನಲ್ಲಿ ನೀರು ಯಾವ ದಿನಗಳಲ್ಲಿ ಬಿಡುತ್ತಾರೆ ಎಂದು ಭಾವನವರ ಮೂಲಕ ಇಲಾಖೆಯಲ್ಲಿ ವಿಚಾರಿಸಿ ಇಲ್ಲಿ ತಿಳಿಸಿರಿ. ಒಡ್ಡಿನ ಹಿನ್ನೀರಿಗೆ ಚಳಿಗಾಲದಲ್ಲಿ ಕೊಕ್ಕರೆಗಳು ಬರುತ್ತವೆ, ಘಟಪ್ರಭಾ ರೈಲು ನಿಲ್ದಾಣವೂ ಹತ್ತಿರದಲ್ಲಿದೆ, ಹಾಗಾಗಿ ಬೆಳಗಾವಿಯ ಮಕ್ಕಳು ಒಂದೇ ದಿನದಲ್ಲಿ ಹೋಗಿಬರಬಹುದು. ಮಗಳೇ, ನೀವು ಎಷ್ಟು ಜನ ಹೊರಡುತ್ತೀರಿ, ಯಾರ ಹತ್ತಿರ ಗೇರಿನ ಸೈಕಲ್ ಇಲ್ಲ ಎಂಬುದನ್ನು ಈ ಭಾನುವಾರದೊಳಗೆ ಬರೆದು ಹಾಕು, ನಮ್ಮ ಮನೆಯಲ್ಲಿರುವ ಎರಡನ್ನು ಗಾಲಿ, ಬ್ರೇಕು ನೋಡಿಸಿ ಸಿದ್ಧ ಮಾಡಿ ಇಟ್ಟಿರುತ್ತೇನೆ.