ಅಪ್‌ಡೇಟ್: ಆಯಿಲ್ ಬ್ರೇಕ್ ಟ್ರ್ಯಾಕ್ಟರ್‌ಗೆ ಕೊನೆಗೆ ಹಾಕಿದ ಆಯಿಲ್

ಶಿರಾದಿಂದ ಕೇಳಿದ್ದವನು ನಾನೇ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್, ಬ್ರೇಕ್ ತುಳಿದರೆ ಗರಗರ ಸದ್ದು. ಗೇರ್ ಬಾಕ್ಸಿಗೆ ಇಪಿ 90 ಹಾಕಲಾ, 80ಡಬ್ಲ್ಯೂ-90 ಹಾಕಲಾ (ಎರಡೂ ಗೇರ್ ಆಯಿಲ್‌ಗಳೇ) ಅಂತ ಕೇಳಿದ್ದೆ. ಎರಡೂ ಹಾಕಲಿಲ್ಲ!

ಈ ಗಾಡಿಯಲ್ಲಿ ಗೇರು, ಹೈಡ್ರಾಲಿಕ್ಕು, ಬ್ರೇಕು ಎಲ್ಲಕ್ಕೂ ಒಂದೇ ಆಯಿಲ್. ಬ್ರೇಕ್ ಡಿಸ್ಕ್‌ಗಳು ಅದರಲ್ಲೇ ಮುಳುಗಿರುತ್ತವೆ. ಬರೀ ಗೇರ್ ಆಯಿಲ್ ಹಲ್ಲುಗಳನ್ನು ಕಾಪಾಡುತ್ತದೆ, ಸರಿ. ಆದರೆ ಡಿಸ್ಕ್‌ಗಳು ಸದ್ದಿಲ್ಲದೆ ಹಿಡಿಯುವಂತೆ ಮಾಡುವ ಅಂಶ ಅದರಲ್ಲಿ ಇರುವುದಿಲ್ಲ. ಅದಿರುವುದು ಯುಟಿಟಿಒ ಅನ್ನೋ ಟ್ರ್ಯಾಕ್ಟರ್ ಆಯಿಲ್‌ನಲ್ಲಿ. ಗಾಡಿಯ ಪುಸ್ತಕದಲ್ಲೂ ಅದನ್ನೇ ಹೇಳಿದ್ದಾರೆ.

80ಡಬ್ಲ್ಯೂ ವಿಷಯ ಕೆಲವರು ಕೇಳಿದ್ದಿರಿ. ಮೈನಸ್ 26 ಡಿಗ್ರಿಯಲ್ಲೂ ಆಯಿಲ್ ತೀರಾ ಗಟ್ಟಿಯಾಗಬಾರದು ಅನ್ನೋ ಲೆಕ್ಕ ಅದು. ಹಿಮದ ಮೇಲೆ ಓಡುವ ಗಾಡಿಗೆ ಬೇಕು. ಶಿರಾದಲ್ಲಿ ಆ ಚಳಿ ಎಲ್ಲಿಂದ ತರೋಣ?

ಹಳೇ ಆಯಿಲ್ ಇಳಿಸಿದಾಗ ಹಾಲು ಬೆರೆಸಿದ ಟೀ ಥರ ಇತ್ತು. ಅಂದರೆ ನೀರು ಸೇರಿದೆ. ಗೇರ್ ಲಿವರ್ ಬುಡದ ರಬ್ಬರ್ ಹರಿದಿತ್ತು, ಮಳೆನೀರು ಅಲ್ಲಿಂದಲೇ ಇಳಿದಿರಬೇಕು. ರಬ್ಬರ್ ಬದಲಾಯಿಸಿ, ಆಯಿಲ್ ಸೋಸುವ ಜಾಲರಿ (ಸ್ಟ್ರೈನರ್) ತೊಳೆದು, ಹೊಸ ಯುಟಿಟಿಒ ಆಯಿಲನ್ನು ಡಿಪ್‌ಸ್ಟಿಕ್ ಗುರುತಿನವರೆಗೆ ತುಂಬಿಸಿದೆವು. ಖರ್ಚು ಜಾಸ್ತಿಯೇ ಆಯಿತು ಬಿಡಿ.

ಈಗ ಬ್ರೇಕ್ ಸದ್ದು ಬಹುತೇಕ ನಿಂತಿದೆ. ನೇಗಿಲು ಎತ್ತುವಾಗ ಲಿಫ್ಟ್ ಮಾತ್ರ ಇನ್ನೂ ಸ್ವಲ್ಪ ನಿಧಾನ. ಲಿಫ್ಟಿನ ಪಂಪ್ ಬಿಚ್ಚಿಸುವ ಮೊದಲು, ಅದಕ್ಕೆ ಆಯಿಲ್ ಎಳೆಯುವ ಸಕ್ಷನ್ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯಾ ನೋಡುತ್ತೇನೆ.